ಅಮೆರಿಕಾದ ಗವರ್ನರ್ ಪ್ರೆಸಿಡೆಂಟ್ ಆಗ್ತಾನಾ ಇಲ್ವಾ, ಅಳೆಯೋದು ಹೆಂಗೆ?

ನಮ್ಮ ದಾವಣಗೆರೇಲಿ ಈಗ ಓಣಿಗೊಬ್ರು ಅಮೆರಿಕಾದಲ್ಲಿ ಅದಾರೆ, ಬಿಐಇಟಿ ಓದಿ ಟೆಕ್ಸಾಸ್‌ಗೆ ಹೋದೋರು, ಜೆಜೆಎಂ ಓದಿ ಫ್ಲೋರಿಡಾದಲ್ಲಿ ಡಾಕ್ಟ್ರಾದೋರು. ಅವ್ರು ವಿಡಿಯೋ ಕಾಲ್ ಮಾಡಿದಾಗೆಲ್ಲಾ ನಮ್ಮ ಗವರ್ನರ್ ಭಾರೀ ಸ್ಟ್ರಾಂಗ್ ಮಾವ, ಮುಂದಿನ ಪ್ರೆಸಿಡೆಂಟ್ ಅವ್ರೇ ಬರ್ಕಳಿ ಅಂತಾರೆ, ಇಲ್ಲಿ ರಾಂ ಅಂಡ್ ಕೋ ಸರ್ಕಲ್ಲಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ಕಂತ ಇವ್ರು ಅದನ್ನೇ ಹಿಡ್ಕಂಡು ಬೆಟ್ ಕಟ್ಟೋ ಮಟ್ಟಕ್ಕೆ ವಾದ ಮಾಡ್ತಾರೆ. ವಾದ ಮಾಡ್ರಿ, ಬ್ಯಾಡ ಅನ್ನಲ್ಲ, ಆದ್ರೆ ಏನೇನು ನೋಡಿ ಮಾತಾಡ್ಬೇಕು ಅನ್ನೋದಕ್ಕೆ ಒಂದು ಲೆಕ್ಕ ಐತೆ, ಅದನ್ನ ಹೇಳ್ತೀನಿ. ನಾನಿಲ್ಲಿ ರಿಪಬ್ಲಿಕನ್ ಪಾರ್ಟಿಯ ಕನ್ಸರ್ವೇಟಿವ್, ಅಂದ್ರೆ ಬಲಪಂಥದ ಸಂಪ್ರದಾಯವಾದಿ, ಗವರ್ನರ್‌ಗಳ ಬಗ್ಗೆ ಮಾತ್ರ ಮಾತಾಡ್ತಿರೋದು.

ಅಲ್ಲಿ ಗವರ್ನರ್ ಅಂದ್ರೆ ಜನ ಓಟ್ ಹಾಕಿ ಆರಿಸಿದೋನು, ನಮ್ಮ ಸಿಎಂ ಲೆಕ್ಕ. ಆದ್ರೆ 1996ರಲ್ಲಿ ದೇವೇಗೌಡ್ರು ಸಿಎಂ ಕುರ್ಚಿಯಿಂದ ಪಿಎಂ ಕುರ್ಚಿಗೆ ಹೋದಂಗೆ ಪಾರ್ಟಿ ಲೀಡರ್‌ಗಳೆಲ್ಲಾ ಕೂತು ಮಾತಾಡಿ ಒಪ್ಪಿಸಿ ಕಳಿಸೋದು ಅಲ್ಲಿ ನಡೆಯಲ್ಲ. ಮೊದ್ಲು ಸ್ವಂತ ಪಾರ್ಟಿಯ ಮತದಾರರ ಹತ್ರನೇ ರಾಜ್ಯ ರಾಜ್ಯ ಸುತ್ತಿ ಪ್ರೈಮರಿ ಗೆಲ್ಬೇಕು, ಮುಕ್ಕಾಲು ಭಾಗ ಗವರ್ನರ್‌ಗಳು ಮುಗ್ಗರಿಸೋದು ಅಲ್ಲೇ. 2016ರಲ್ಲಿ ರಿಪಬ್ಲಿಕನ್ ಕಡೆಯಿಂದ ನಿಂತ 17 ದೊಡ್ಡ ಕ್ಯಾಂಡಿಡೇಟ್‌ಗಳಲ್ಲಿ 9 ಜನ ಹಾಲಿ ಇಲ್ಲಾ ಮಾಜಿ ಗವರ್ನರ್‌ಗಳು. ಅವ್ರಲ್ಲಿ ಒಂದಾದ್ರೂ ರಾಜ್ಯ ಗೆದ್ದೋನು ಜಾನ್ ಕೇಸಿಕ್ ಒಬ್ನೇ, ಅದೂ ತನ್ನ ಸ್ವಂತ ಒಹಾಯೊ.

ಹಂಗಾಗಿ ತವರು ರಾಜ್ಯದ ಮಾರ್ಜಿನ್ ನೋಡಿ ಮರುಳಾಗಬೇಡ್ರಿ. ವಾರ್ಡಲ್ಲಿ ಸೋಲೇ ಕಾಣದ ಕಾರ್ಪೊರೇಟರ್‌ನ ದಾವಣಗೆರೆ ಲೋಕಸಭೆಗೆ ನಿಲ್ಸಿದ್ರೆ ಜಗಳೂರು, ಹೊನ್ನಾಳಿ ಕಡೆಯೋರು ಯಾರಪ್ಪಾ ಇವ್ನು ಅಂತಾರಲ್ಲ, ಹಂಗೆ. ರಾನ್ ಡಿಸ್ಯಾಂಟಿಸ್‌ನ ತಗಳ್ರಿ, 2018ರಲ್ಲಿ ಫ್ಲೋರಿಡಾದಲ್ಲಿ 32 ಸಾವಿರ ಚಿಲ್ಲರೆ ಓಟಲ್ಲಿ ಗೆದ್ದೋನು 2022ರಲ್ಲಿ ಸುಮಾರು 19 ಪಾಯಿಂಟ್ ಅಂತರದಲ್ಲಿ ಗೆದ್ದ, ಎಲ್ರೂ ಇವ್ನೇ ಮುಂದಿನೋನು ಅಂದ್ರು. 2024ರಲ್ಲಿ ರಿಪಬ್ಲಿಕನ್ನರು ಮೊದ್ಲು ಓಟ್ ಹಾಕಿದ ರಾಜ್ಯ ಅಯೋವಾ, ಅದ್ರ 99 ಕೌಂಟಿನೂ (ನಮ್ಮ ಜಿಲ್ಲೆ ಥರ) ಸುತ್ತಿದ, ಜನವರಿ 15ಕ್ಕೆ ರಿಸಲ್ಟ್ ಬಂತು: ಟ್ರಂಪ್‌ಗೆ ಶೇಕಡಾ 51, ಇವ್ನಿಗೆ 21. ಮುಂದಿನ ಭಾನುವಾರ ರೇಸಿಂದ ಔಟ್.

ಯಾಕೆ ಹಿಂಗಾಯ್ತು ಅಂದ್ರೆ ಅವ್ನನ್ನ ಇಷ್ಟಪಡೋರೆಲ್ಲಾ ಟ್ರಂಪ್‌ನೂ ಇಷ್ಟಪಡೋರೇ, 2023ರ ಮಾರ್ಚಲ್ಲಿ ಟ್ರಂಪ್ ಮೇಲೆ ಮೊದಲ ಕ್ರಿಮಿನಲ್ ಕೇಸ್ ಬಿದ್ದ ಮೇಲಂತೂ ಪಾರ್ಟಿಯೋರು ಇನ್ನೂ ಗಟ್ಟಿಯಾಗಿ ಅವ್ನ ಹಿಂದೆ ನಿಂತ್ರು, ಟ್ರಂಪ್ ಬ್ಯಾಡ ಅನ್ನೋರಿಗೆ ಸೌತ್ ಕ್ಯಾರೊಲೈನಾದ ಮಾಜಿ ಗವರ್ನರ್ ನಿಕ್ಕಿ ಹೇಲಿ ಇದ್ಲು, ಇವ್ನು ನಡುವೆ ಸಿಕ್ಕಾಕ್ಕಂಡ. ನಾನಂತೂ ಮೊದಲು ಕೇಳೋ ಪ್ರಶ್ನೆ ಇದೇ: ಈ ಗವರ್ನರ್‌ಗೆ ಬೇಕಾದ ಓಟು ಸದ್ಯ ಯಾರ ಜೇಬಲ್ಲಿ ಐತೆ, ಅವ್ರು ಬಿಟ್ಟು ಕೊಡ್ತಾರಾ? 2028ಕ್ಕೆ ಟ್ರಂಪ್ ಮತ್ತೆ ಆರಿಸಿ ಬರೋಕೆ ಸಂವಿಧಾನದ 22ನೇ ತಿದ್ದುಪಡಿ ಬಿಡಲ್ಲ ಸರಿ, ಆದ್ರೆ ವೈಸ್ ಪ್ರೆಸಿಡೆಂಟ್ ಕುರ್ಚೀಲಿ ಜೆ.ಡಿ. ವ್ಯಾನ್ಸ್ ಕೂತಾನೆ. ಆ ಕುರ್ಚೀಲಿ ಇದ್ಕಂಡೇ 1960ರಲ್ಲಿ ನಿಕ್ಸನ್, 1988ರಲ್ಲಿ ದೊಡ್ಡ ಬುಷ್ ಪಾರ್ಟಿ ಟಿಕೆಟ್ ತಗಂಡಿದ್ರು ಅನ್ನೋದು ಮರೀಬಾರ್ದು.

ಆಮೇಲೆ ರೆಕಾರ್ಡ್. ಇಲ್ಲೇ ನಮ್ಮೋರು ಜಾಸ್ತಿ ಮೋಸ ಹೋಗೋದು. "ನಾನು ಪ್ರತಿ ವರ್ಷ ಬಜೆಟ್ ಬ್ಯಾಲೆನ್ಸ್ ಮಾಡಿದೀನಿ" ಅಂತ ಗವರ್ನರ್ ಅಂದ್ರೆ ಚಪ್ಪಾಳೆ ಹೊಡೀಬೇಡ್ರಿ, ಹೆಚ್ಚುಕಮ್ಮಿ ಎಲ್ಲಾ ರಾಜ್ಯದಲ್ಲೂ ಅದು ಕಾನೂನು, ಮಾಡ್ಲೇಬೇಕು, ವರ್ಮಾಂಟ್ ಥರದ್ದು ಬಿಟ್ರೆ. "ಇಷ್ಟು ಲಕ್ಷ ಕೆಲಸ ತಂದೆ" ಅಂದ್ರೆ ಅದೇ ವರ್ಷ ಇಡೀ ದೇಶದಲ್ಲಿ ಕೆಲಸ ಎಷ್ಟು ಏರಿತ್ತು, ಪಕ್ಕದ ರಾಜ್ಯದಲ್ಲಿ ಎಷ್ಟು, ಕಚ್ಚಾ ತೈಲದ ರೇಟ್ ಏನಿತ್ತು ನೋಡ್ರಿ. ಪವರ್ ಎಷ್ಟಿತ್ತು ಅನ್ನೋದೂ ಮುಖ್ಯ, ಟೆಕ್ಸಾಸಲ್ಲಿ ಲೆಫ್ಟಿನೆಂಟ್ ಗವರ್ನರ್‌ಗೇ (ಗವರ್ನರ್ ನಂತರದ ಸ್ಥಾನ) ರಾಜ್ಯದ ಸೆನೆಟ್, ಅಂದ್ರೆ ಮೇಲ್ಮನೆ ಮೇಲೆ ಭಾರೀ ಹಿಡಿತ, ಶಾಸನಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ 140 ದಿನ ಮಾತ್ರ. ಅದೇ ವಿಸ್ಕಾನ್ಸಿನ್ ಗವರ್ನರ್‌ಗೆ ಬಜೆಟ್‌ನಲ್ಲಿ ಬೇಕಾದ ತುಂಡು ಕತ್ತರಿಸೋ ವೀಟೋ, ಅಂದ್ರೆ ಸಭೆ ಪಾಸ್ ಮಾಡಿದ್ದನ್ನ ತಡೆಯೋ ಅಧಿಕಾರ ಐತೆ.

ತೆರಿಗೆ ಕಡಿತ ಮಾಡಿದೋನಾ? ಆಮೇಲೆ ಏನಾಯ್ತು ಅಂತಾನೂ ಓದ್ರಿ. ಕನ್ಸಾಸಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ 2012ರಲ್ಲಿ ಭಾರೀ ಕಡಿತ ಮಾಡಿದ, ಖಜಾನೆ ಖಾಲಿ ಆಗಿ 2017ರಲ್ಲಿ ಅವ್ನದೇ ಪಾರ್ಟಿ ಮೆಜಾರಿಟಿ ಇದ್ದ ಸಭೆ ಅವ್ನ ವೀಟೋನೂ ಮೀರಿ ಅದನ್ನ ವಾಪಸ್ ತಗಂತು. ಇನ್ನೊಂದು, ಕನ್ಸರ್ವೇಟಿವ್ ಗವರ್ನರ್‌ಗೆ ಏಟು ಬೀಳೋದು ಡೆಮಾಕ್ರಾಟ್‌ಗಳಿಂದ ಮಾತ್ರ ಅಲ್ಲ, ಅವ್ನಿಗಿಂತ ಬಲಕ್ಕೆ ನಿಂತೋರಿಂದ. ಟೆಕ್ಸಾಸ್ ಗವರ್ನರ್ ಆಗಿದ್ದ ರಿಕ್ ಪೆರಿ 2001ರಲ್ಲಿ ದಾಖಲೆ ಇಲ್ಲದ ವಲಸೆ ಕುಟುಂಬದ ಹುಡುಗ್ರಿಗೆ ಟೆಕ್ಸಾಸ್ ಕಾಲೇಜಲ್ಲಿ ಸ್ಥಳೀಯರ ಫೀಸ್ ಕೊಡೋ ಕಾನೂನಿಗೆ ಸಹಿ ಹಾಕಿದ್ದ, ಹತ್ತು ವರ್ಷ ಆದ್ಮೇಲೆ ಪ್ರೆಸಿಡೆಂಟ್ ಟಿಕೆಟ್‌ಗೆ ನಿಂತಾಗ ಡಿಬೇಟಲ್ಲಿ ಅದನ್ನೇ ಹಿಡ್ಕಂಡು ಜಾಡಿಸಿದ್ರು. ಮಿಟ್ ರಾಮ್ನಿ ಗವರ್ನರ್ ಆಗಿದ್ದಾಗ 2006ರಲ್ಲಿ ಮ್ಯಾಸಚೂಸೆಟ್ಸಲ್ಲಿ ತಂದ ಹೆಲ್ತ್ ಇನ್ಶೂರೆನ್ಸ್ ಕಾನೂನು ಒಬಾಮಾ ತಂದಿದ್ದಕ್ಕೆ ಮಾದರಿ ಅನ್ನಿಸ್ಕಂಡು 2012ರಲ್ಲಿ ಅವ್ನ ಬಾಯೇ ಕಟ್ಟಾಕ್ತು. ಸಹಿ ಹಾಕಿದ್ದು, ವೀಟೋ ಮಾಡಿದ್ದು, ಎರಡೂ ಪಟ್ಟಿ ಮಾಡ್ಕಳ್ರಿ, ಭಾಷಣ ಆಮೇಲೆ ಕೇಳಿದ್ರಾಯ್ತು.

ಡಿಬೇಟ್ ಬಗ್ಗೆ ಜಾಸ್ತಿ ಹೇಳಲ್ಲ. ಅದೇ ಪೆರಿ 2011ರ ನವೆಂಬರಲ್ಲಿ ಮೂರು ಇಲಾಖೆ ಮುಚ್ತೀನಿ ಅಂತ ಶುರು ಮಾಡಿ ಮೂರನೇದರ ಹೆಸರೇ ಮರೆತ. ಅದು ಎನರ್ಜಿ ಇಲಾಖೆ, 2017ರಲ್ಲಿ ಟ್ರಂಪ್ ಅವ್ನನ್ನ ಅದಕ್ಕೇ ಮಂತ್ರಿ ಮಾಡಿದ, ಏನ್ ಹೇಳೋಣ!

ದುಡ್ಡು ನೋಡುವಾಗ ಎರಡು ಚೀಲ ಬೇರೆ ಬೇರೆ ಇಟ್ಕಳ್ರಿ. ಸೂಪರ್ ಪ್ಯಾಕ್ ಅನ್ನೋ, ಕ್ಯಾಂಡಿಡೇಟ್ ಪರ ಬೇರೆಯಾಗಿ ಖರ್ಚು ಮಾಡೋ ಸಂಘಕ್ಕೆ ಶ್ರೀಮಂತ್ರು ಎಷ್ಟು ಬೇಕಾದ್ರೂ ಹಾಕಬಹುದು, ಕ್ಯಾಂಡಿಡೇಟ್‌ನ ಸ್ವಂತ ಪ್ರಚಾರ ಖಾತೆಗೆ ಮಾತ್ರ ಮಿತಿ ಐತೆ, 2024ರಲ್ಲಿ ಒಬ್ರಿಗೆ ಪ್ರೈಮರಿಗೆ 3,300 ಡಾಲರ್. ಆಫೀಸ್ ಹುಡುಗ್ರ ಸಂಬಳ ಆಗ್ಬೇಕಾಗಿದ್ದು ಈ ಎರಡನೇದರಲ್ಲಿ. 2015ರಲ್ಲಿ ವಿಸ್ಕಾನ್ಸಿನ್‌ನ ಸ್ಕಾಟ್ ವಾಕರ್ ಅಯೋವಾ ಪೋಲಲ್ಲಿ ಮೊದಲಿದ್ದ, ಸೂಪರ್ ಪ್ಯಾಕ್ ತುಂಬಿತ್ತು, ಪ್ರಚಾರ ಖಾತೆ ಒಣಗಿ ಜುಲೈಯಲ್ಲಿ ಶುರು ಮಾಡಿದೋನು ಸೆಪ್ಟೆಂಬರಲ್ಲೇ ಬಿಟ್ಟ. ಫ್ಲೋರಿಡಾದ ಮಾಜಿ ಗವರ್ನರ್ ಜೆಬ್ ಬುಷ್ ಪರ ಇದ್ದ ಸೂಪರ್ ಪ್ಯಾಕ್ 10 ಕೋಟಿ ಡಾಲರ್‌ಗಿಂತ ಜಾಸ್ತಿ ಎತ್ತಿತ್ತು, ಅವ್ನೂ 2016ರ ಫೆಬ್ರವರಿ ದಾಟಲಿಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ಸೈಟಲ್ಲಿ ರಿಪೋರ್ಟ್ ಫ್ರೀ ಸಿಗುತ್ತೆ, ಅದ್ರಲ್ಲಿ 200 ಡಾಲರ್ ಒಳಗೆ ಕೊಟ್ಟೋರ ಪಾಲು ಎಷ್ಟು ಅಂತ ನೋಡ್ರಿ. ಮಿತಿ ಮುಟ್ಟಿದೋನು ಮತ್ತೆ ಕೊಡಂಗಿಲ್ಲ, 25 ಡಾಲರ್ ಕೊಟ್ಟೋನು ಮುಂದಿನ ತಿಂಗಳೂ ಕೊಡ್ತಾನೆ.

ಕ್ಯಾಲೆಂಡರ್, ಅಂದ್ರೆ ಯಾವ ರಾಜ್ಯ ಯಾವಾಗ ಓಟ್ ಹಾಕುತ್ತೆ ಅನ್ನೋ ವಿಷಯದಲ್ಲಿ ಅಯೋವಾ ಗೆದ್ದ ಅಂತ ಕುಣೀಬೇಡ್ರಿ, 2008ರಲ್ಲಿ ಹಕಬಿ, 2012ರಲ್ಲಿ ಸ್ಯಾಂಟೋರಮ್, 2016ರಲ್ಲಿ ಕ್ರೂಝ್, ಒಬ್ರಿಗೂ ಟಿಕೆಟ್ ಸಿಗಲಿಲ್ಲ. ಸೌತ್ ಕ್ಯಾರೊಲೈನಾ ನೋಡ್ರಿ, 1980ರಿಂದ ಪೈಪೋಟಿ ಇದ್ದಾಗೆಲ್ಲಾ ಅಲ್ಲಿ ಗೆದ್ದೋನಿಗೇ ಟಿಕೆಟ್, 2012 ಒಂದು ಬಿಟ್ಟು. 2000ದಲ್ಲಿ ಟೆಕ್ಸಾಸ್ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ (ದೊಡ್ಡ ಬುಷ್ ಮಗ) ನ್ಯೂ ಹ್ಯಾಂಪ್‌ಶೈರಲ್ಲಿ ಸೆನೆಟರ್ ಜಾನ್ ಮೆಕೇನ್ ಕೈಲಿ ಬಡಿಸ್ಕಂಡು ಇಲ್ಲೇ ಚೇತರಿಸ್ಕಂಡಿದ್ದು. ಓಟು ಹೆಂಗೆ ಹರಿದು ಹಂಚಿಹೋಗುತ್ತೆ ಅನ್ನೋದೂ ಇಲ್ಲೇ ಕಾಣೋದು, 2016ರಲ್ಲಿ ಟ್ರಂಪ್ ಮೂರರಲ್ಲೊಂದು ಪಾಲು ಓಟೂ ಇಲ್ದೆ ಇಲ್ಲಿನ 50 ಡೆಲಿಗೇಟ್‌ನೂ (ಟಿಕೆಟ್ ಯಾರಿಗೆ ಅಂತ ಪಾರ್ಟಿ ಸಮ್ಮೇಳನದಲ್ಲಿ ಓಟ್ ಹಾಕೋ ಪ್ರತಿನಿಧಿಗಳು) ಬಾಚ್ಕಂಡ. ನಿಮ್ಮ ಗವರ್ನರ್ ಥರದೋರೇ ಇನ್ನೂ ನಾಲ್ಕು ಜನ ನಿಂತ್ರೆ ಲಾಭ ಮುಂದಿರೋನಿಗೆ.

ಪ್ರೈಮರಿ ದಾಟಿದ ಅಂತಾನೇ ಇಟ್ಕಳ್ರಿ, ಅಲ್ಲಿ ಗೆಲ್ಲಿಸಿದ್ದೇ ನವೆಂಬರ್‌ನ ಪ್ರೆಸಿಡೆಂಟ್ ಎಲೆಕ್ಷನ್‌ನಲ್ಲಿ ಕಾಲಿಗೆ ತೊಡಕಾಗಬಹುದು. ಡಿಸ್ಯಾಂಟಿಸ್ 2023ರ ಏಪ್ರಿಲಲ್ಲಿ ಆರು ವಾರದ ಗರ್ಭಪಾತ ನಿಷೇಧಕ್ಕೆ ಸಹಿ ಹಾಕಿದ, ಅಯೋವಾದ ಚರ್ಚ್ ಜನಕ್ಕೆ ಅದು ಇಷ್ಟ, ಆದ್ರೆ 2022ರಲ್ಲಿ ಪಕ್ಕಾ ರಿಪಬ್ಲಿಕನ್ ರಾಜ್ಯ ಕನ್ಸಾಸಲ್ಲೇ ಗರ್ಭಪಾತದ ಹಕ್ಕು ತೆಗೆಯೋ ತಿದ್ದುಪಡೀನ ಜನ ಸೋಲಿಸಿದ್ರು. ಯಾವ ಪಾರ್ಟಿಗೂ ಖಾಯಂ ಅಲ್ಲದ ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್ ಮತದಾರ ಏನಂತಾನೆ ಅನ್ನೋದೇ ಲೆಕ್ಕ, ರಾಜ್ಯಗಳಿಗೆ ಹಂಚಿರೋ 538 ಎಲೆಕ್ಟೋರಲ್ ಓಟಲ್ಲಿ 270 ಬೇಕು.

ಸೋತೋನ ಹೆಸರು ಪೂರ್ತಿ ಹೊಡೆದಾಕಬೇಡ್ರಿ, ಯಾವಾಗ ಬಿಟ್ಟ, ಯಾರಿಗೆ ಬೆಂಬಲ ಕೊಟ್ಟ ಅಂತ ಪಕ್ಕದಲ್ಲಿ ಬರ್ದಿಡ್ರಿ. ನಾರ್ತ್ ಡಕೋಟಾದ ಡಗ್ ಬರ್ಗಮ್ 2023ರ ಡಿಸೆಂಬರಲ್ಲಿ ಬಿಟ್ಟು ಅಯೋವಾ ಮತದಾನದ ಹಿಂದಿನ ದಿನ ಟ್ರಂಪ್ ಪರ ನಿಂತ, 2025ರಲ್ಲಿ ಇಂಟೀರಿಯರ್ (ಸರ್ಕಾರಿ ಭೂಮಿ, ನೈಸರ್ಗಿಕ ಸಂಪತ್ತಿನ) ಮಂತ್ರಿ ಆದ. ಫಂಡ್ ರಿಪೋರ್ಟ್ ಎಲೆಕ್ಷನ್ ಹಿಂದಿನ ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಎಲೆಕ್ಷನ್ ವರ್ಷ ತಿಂಗಳಿಗೊಮ್ಮೆ ಬರುತ್ತೆ, ನಿಮ್ಮ ಪಟ್ಟೀನೂ ಆವಾಗಾವಾಗ ತಿದ್ದಿದ್ರೆ ಸಾಕು, ದಿನಾ ಪೋಲ್ ನೋಡ್ಕಂಡು ಕೂರ್ಬೇಕಂತಿಲ್ಲ.