ಮೀ ಗೋರೆಂಗ್: ಮಲೇಷ್ಯಾದ ಹುರಿದ ನೂಡಲ್ಸ್ ನಮ್ಮ ಬಾಣಲೆಯಲ್ಲಿ

ಮಲೇಷ್ಯಾದಲ್ಲಿ ಹುರಿದ ನೂಡಲ್ಸ್ ಕೇಳಿದರೆ ತಟ್ಟೆಗೆ ಏನು ಬರುತ್ತದೆ ಅನ್ನೋದನ್ನು ಊರೂ ಅಂಗಡಿಯೂ ಸೇರಿ ತೀರ್ಮಾನಿಸುತ್ತವೆ. ಒಂದು ಕಡೆ ಕೆಂಪಗೆ, ಇನ್ನೊಂದು ಕಡೆ ಕರ್ರಗೆ, ಮತ್ತೊಂದು ಕಡೆ ಗೊಜ್ಜಿನ ಹಾಗೆ ಒದ್ದೆ. ಮೊದಲ ಸಲ ಮನೆಯಲ್ಲಿ ಮಾಡುವವರು ಮಾಮಾಕ್ ಮೀ ಗೋರೆಂಗ್‌ನಿಂದ ಶುರು ಮಾಡುವುದು ಒಳ್ಳೆಯದು. ಉಳಿದವುಗಳ ರುಚಿ ಜಾಸ್ತಿ ಬೆಂಕಿಯಲ್ಲಿದೆ, ಇದರ ರುಚಿ ಮಸಾಲೆಯಲ್ಲಿದೆ. ಮನೆಯ ಗ್ಯಾಸ್ ಒಲೆಗೆ ಮಸಾಲೆಯೇ ಗತಿ.

ಮಾಮಾಕ್ ಅಂದರೆ ಅಲ್ಲಿನ ತಮಿಳು ಮುಸ್ಲಿಮರು. ಅವರ ಅಂಗಡಿಗಳಲ್ಲಿ ಹಲವು ರಾತ್ರಿಯಿಡೀ ತೆರೆದಿರುತ್ತವೆ. ಚೀನೀಯರ ಹಳದಿ ನೂಡಲ್ಸ್‌ಗೆ ಇವರು ಮೆಣಸಿನಕಾಯಿ ಮಸಾಲೆ, ಬೇಯಿಸಿದ ಆಲೂಗಡ್ಡೆ, ಮುರಿದ ವಡೆ ಎಲ್ಲ ಸೇರಿಸಿದರು. ನೂಡಲ್ಸ್ ಜೊತೆ ಆಲೂಗಡ್ಡೆಯಾ ಅಂತ ಮೂಗು ಮುರಿಯಬೇಡಿ. ಮಸಾಲೆ ಹೀರಿಕೊಂಡು ಅಂಚು ಕರಗಿದ ಆ ಹೋಳುಗಳೇ ಸಾಸ್‌ಗೆ ಮಂದ ಕೊಡುವುದು.

ಇಬ್ಬರಿಗೆ ಬೇಕಾಗುವುದು ಇಷ್ಟು: 200 ಗ್ರಾಂ ನೂಡಲ್ಸ್, ಒಂದು ಆಲೂಗಡ್ಡೆ, 100 ಗ್ರಾಂ ಟೋಫು, ಎರಡು ಮೊಟ್ಟೆ, ಒಂದು ಟೊಮೆಟೊ, ಒಂದು ಹಿಡಿ ಎಲೆಕೋಸು ಅಥವಾ ಸೊಪ್ಪು, ಒಂದು ಹಿಡಿ ಹೆಸರುಕಾಳಿನ ಮೊಳಕೆ, ನಿಂಬೆಹಣ್ಣು. ಅಲ್ಲಿ ಬಳಸುವುದು ಕ್ಷಾರ ಬೆರೆಸಿ ಮಾಡಿದ ಹಸಿ ನೂಡಲ್ಸ್. ಹಳದಿ ಬಣ್ಣ, ಜಗಿಯುವಾಗಿನ ಬಿಗಿ ಎರಡೂ ಅದರಿಂದಲೇ. ಸಿಗದಿದ್ದರೆ ಅಂಗಡಿಯ ಹಕ್ಕಾ ನೂಡಲ್ಸ್ ಸಾಕು. ಮೊಳಕೆ ಮಾತ್ರ ನಾವು ಕೋಸಂಬರಿಗೆ ಹಾಕುವ ಪುಟ್ಟ ಬಾಲದ್ದಲ್ಲ, ಬೆರಳುದ್ದ ಬೆಳೆದ ಬಿಳಿ ಮೊಳಕೆ.

ಮಸಾಲೆ

ಹತ್ತು ಬ್ಯಾಡಗಿ, ಮೂರು ಗುಂಟೂರು ಮೆಣಸಿನಕಾಯಿಯ ಬೀಜ ಉದುರಿಸಿ, ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಆರು ಸಾಂಬಾರ್ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ರುಬ್ಬಿ. ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ. ಅವಸರ ಬೇಡ. ಮೊದಲು ಹಸಿ ಮೆಣಸಿನ ಘಾಟು ಬರುತ್ತದೆ, ಕೆಮ್ಮೂ ಬರಬಹುದು. ಆಮೇಲೆ ಮಸಾಲೆ ಕಪ್ಪುಗೆಂಪಾಗಿ ಮುದ್ದೆಗಟ್ಟುತ್ತದೆ, ಅಂಚಿನಲ್ಲಿ ಕೆಂಪು ಎಣ್ಣೆ ಬಿಡುತ್ತದೆ. ಅಲ್ಲಿಗೆ ಇಳಿಸಿ. ಇದಿಷ್ಟು ಸರಿಯಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಉಳಿದಿದ್ದು ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ.

ಒಂದು ಬಟ್ಟಲಲ್ಲಿ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಟೊಮೆಟೊ ಸಾಸ್, ಎರಡು ಚಿಕ್ಕ ಚಮಚ ಬೆಲ್ಲದ ಪುಡಿ ಕಲಸಿಡಿ. ಅಲ್ಲಿನ ಸಿಹಿ ಸೋಯಾ ಸಾಸ್ ಬದಲಿಗೆ ಈ ಬೆಲ್ಲ. ಸೋಯಾ ಸಾಸಲ್ಲೇ ಉಪ್ಪು ಇರುತ್ತದೆ, ಬೇರೆ ಉಪ್ಪು ಕೊನೆಗೆ ರುಚಿ ನೋಡಿ ಹಾಕಿ.

ಹುರಿಯುವುದು

ನೂಡಲ್ಸನ್ನು ಪ್ಯಾಕೆಟ್ ಮೇಲೆ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ಇಳಿಸಿ, ತಣ್ಣೀರು ಹಾಯಿಸಿ, ಪೂರ್ತಿ ಬಸಿದು, ಚೂರು ಎಣ್ಣೆ ಸವರಿಡಿ. ಆಲೂಗಡ್ಡೆ ಬೇಯಿಸಿ ಹೋಳು ಮಾಡಿ. ಟೋಫುವನ್ನು ಹೊಂಬಣ್ಣಕ್ಕೆ ಕರಿದಿಡಿ. ಎಲ್ಲ ಒಲೆಯ ಪಕ್ಕ ಜೋಡಿಸಿಟ್ಟ ಮೇಲೇ ಉರಿ ಹಚ್ಚಿ. ಶುರುವಾದ ಮೇಲೆ ಹುಡುಕಾಡಲು ಪುರುಸೊತ್ತು ಸಿಗುವುದಿಲ್ಲ.

ಕಬ್ಬಿಣದ ಬಾಣಲೆ ಹೊಗೆ ಬರುವಷ್ಟು ಕಾಯಲಿ. ಒಂದು ಸಲಕ್ಕೆ ಒಬ್ಬರಿಗಾಗುವಷ್ಟೇ ಹಾಕಿ. ನಾಲ್ಕು ಜನರದ್ದು ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ ನೀರು ಬಿಟ್ಟುಕೊಳ್ಳುತ್ತದೆ, ನೂಡಲ್ಸ್ ಹುರಿಯುವ ಬದಲು ಬೇಯುತ್ತದೆ. ಎಣ್ಣೆ, ಒಂದು ದೊಡ್ಡ ಚಮಚ ಮಸಾಲೆ, ಹೆಚ್ಚಿದ ಟೊಮೆಟೊ, ಆಲೂಗಡ್ಡೆ, ಟೋಫು, ಸೊಪ್ಪು ಹಾಕಿ ಅರ್ಧ ನಿಮಿಷ ಕೈಯಾಡಿಸಿ. ನೂಡಲ್ಸ್, ಸಾಸ್ ಹಾಕಿ ಮಗುಚಿ. ಒಣಗಿದರೆ ಎರಡು ಚಮಚ ನೀರು ಚಿಮುಕಿಸಿ. ಈಗ ಎಲ್ಲ ಪಕ್ಕಕ್ಕೆ ಸರಿಸಿ, ಖಾಲಿಯಾದ ಜಾಗದಲ್ಲಿ ಒಂದು ಮೊಟ್ಟೆ ಒಡೆಯಿರಿ. ಅದು ಅರ್ಧ ಗಟ್ಟಿಯಾದಾಗ ನೂಡಲ್ಸನ್ನು ಅದರ ಮೇಲೆ ಎಳೆದು ಕಲಸಿ. ಕೊನೆಯ ಹತ್ತು ಸೆಕೆಂಡಿಗೆ ಮೊಳಕೆ. ಅದು ಕರುಕುರು ಅನ್ನಬೇಕು, ಬಾಡಬಾರದು. ಮನೆಯಲ್ಲಿ ಮಿಕ್ಕ ವಡೆಯಿದ್ದರೆ ಮುರಿದು ಹಾಕಿ. ತಟ್ಟೆಯ ಪಕ್ಕ ಅರ್ಧ ನಿಂಬೆಹಣ್ಣು ಇರಲೇಬೇಕು, ಹಿಂಡದೆ ತಿಂದರೆ ರುಚಿ ಅರ್ಧ. ಅಲ್ಲಿ ಇದಕ್ಕೆ ಲಿಮಾವ್ ಕಸ್ತೂರಿ ಅನ್ನುವ ಗೋಲಿಯಂಥ ಪುಟ್ಟ ನಿಂಬೆ ಕೊಡುತ್ತಾರೆ. ಮೊಟ್ಟೆ ತಿನ್ನದವರು ಟೋಫು ಜಾಸ್ತಿ ಮಾಡಿದರಾಯಿತು.

ಊರಿಗೊಂದು ಬಗೆ

ಪೆನಾಂಗ್‌ನ ಮಾಮಾಕ್ ಅಂಗಡಿಗಳಲ್ಲಿ ಇದಕ್ಕೇ ಖಾರದ ಮಸಾಲೆಯಲ್ಲಿ ಬೆಂದ ಬೊಂಡಾಸ್ (ಸ್ಕ್ವಿಡ್) ಬೀಳುತ್ತದೆ, ಅದು ಮೀ ಸೋತೊಂಗ್. ಪೆನಾಂಗ್‌ನ ಇನ್ನೊಂದು ಹೆಮ್ಮೆ ಚಾರ್ ಕ್ವೇ ತ್ಯಾವ್: ಅಗಲವಾದ ಅಕ್ಕಿ ನೂಡಲ್ಸ್, ಸಿಗಡಿ, ನಮ್ಮ ಕರಾವಳಿಯ ಮರುವಾಯಿಯಂಥ ಚಿಪ್ಪು, ಮೊಳಕೆ. ಇದಕ್ಕೆ ಬಾಣಲೆಯ ಸುಟ್ಟ ವಾಸನೆಯೇ ಪ್ರಾಣ. ಮನೆಯ ಒಲೆಯಲ್ಲಿ ನಿಜಕ್ಕೂ ಕಷ್ಟ.

ಕ್ವಾಲಾಲಂಪುರದ ಹೊಕ್ಕಿಯೆನ್ ಮೀ ಕರ್ರಗಿನದು. ದಪ್ಪ ನೂಡಲ್ಸನ್ನು ಗಟ್ಟಿ ಕಪ್ಪು ಸೋಯಾ ಸಾಸಲ್ಲಿ, ಹಲವು ಕಡೆ ಇದ್ದಿಲ ಉರಿಯ ಮೇಲೆ ಬೇಯಿಸಿ ಹುರಿಯುತ್ತಾರೆ. ಪೆಟಾಲಿಂಗ್ ಸ್ಟ್ರೀಟ್‌ನ ಕಿಮ್ ಲಿಯಾನ್ ಕೀ ಅಂಗಡಿ 1927ರಿಂದ ಇದನ್ನು ಮಾಡುತ್ತಿರುವುದಾಗಿ ಹೇಳಿಕೊಳ್ಳುತ್ತದೆ. ಹಂದಿಕೊಬ್ಬು ಇದರ ಜೀವ, ಹಾಗಾಗಿ ತಿನ್ನದವರು ಮೊದಲೇ ಕೇಳಿಕೊಳ್ಳಿ. ಇದೇ ಹೆಸರು ಹೇಳಿ ಪೆನಾಂಗ್‌ನಲ್ಲಿ ಕೇಳಿದರೆ ಸಿಗಡಿ ಸಾರಿನ ನೂಡಲ್ಸ್ ಬರುತ್ತದೆ! ಸಬಾದ ತುವಾರಾನ್ ಪಟ್ಟಣದಲ್ಲಿ ಮೊಟ್ಟೆ ಹಾಕಿದ ನೂಡಲ್ಸನ್ನು ಹುರಿಯುತ್ತಾರೆ. ಸರವಾಕ್‌ನಲ್ಲಿ ಟೊಮೆಟೊ ಸಾಸಿನ ಗೊಜ್ಜು ಸುರಿದ ಕ್ವೇ ತ್ಯಾವ್ ಇದೆ.

ಇಷ್ಟೆಲ್ಲ ಆಗದ ದಿನಕ್ಕೆ ಮಾಮಾಕ್ ಅಂಗಡಿಯವರೇ ಮ್ಯಾಗಿ ಗೋರೆಂಗ್ ಕಂಡುಕೊಂಡಿದ್ದಾರೆ. ಮ್ಯಾಗಿಯನ್ನು ಒಂದೂವರೆ ನಿಮಿಷ ಬೇಯಿಸಿ, ಬಸಿದು, ಮೇಲೆ ಹೇಳಿದ ಹಾಗೇ ಹುರಿಯಿರಿ. ಪ್ಯಾಕೆಟ್‌ನ ಮಸಾಲೆ ಅರ್ಧ ಹಾಕಿದರೆ ಸಾಕು, ಇಲ್ಲದಿದ್ದರೆ ಸೋಯಾ ಸಾಸ್ ಜೊತೆ ಸೇರಿ ಉಪ್ಪೋ ಉಪ್ಪು.