ಬಿಳಿ ಬಟ್ಟೆಯ ಕಾಫಿ ಕಲೆ, ಅಡಿಕೆ ಚೊಗರು: ಮನೆಯಲ್ಲೇ ತೆಗೆಯುವ ಬಗೆ

ಸಕಲೇಶಪುರ, ಮೂಡಿಗೆರೆ ಕಡೆ ಬಿಳಿ ಪಂಚೆಗೆ ಎರಡು ಶತ್ರು: ಕಾಫಿ, ಅಡಿಕೆ ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಕಂದು ರಸ). ಎರಡರಲ್ಲೂ ಇರುವುದು ಟ್ಯಾನಿನ್ ಎಂಬ ಒಗರಿನ ಅಂಶ. ಕಲೆ ಕಂಡ ಕೂಡಲೇ ಬಾರ್ ಸೋಪು ತಿಕ್ಕಬೇಡಿ. ಸೋಪಿನ ಕ್ಷಾರಕ್ಕೆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ತುಕ್ಕು ಹಿಡಿದ ಕಬ್ಬಿಣದ ಬಕೆಟ್ಟಿನಲ್ಲೂ ನೆನೆಸಬೇಡಿ. ಕಬ್ಬಿಣ ತಾಗಿದರೆ ಚೊಗರು ಕಪ್ಪಾಗುತ್ತದೆ.

ಮೊದಲು ಬಟ್ಟೆಯ ಹಿಂಬದಿಯಿಂದ ತಣ್ಣೀರು ಹಾಯಿಸಿ. ಹಾಲು ಬೆರೆತ ಕಾಫಿಗೆ ಬಿಸಿನೀರು ಬೇಡವೇ ಬೇಡ. ಆಮೇಲೆ ಒಂದು ನಿಂಬೆಯ ರಸಕ್ಕೆ ಒಂದು ಚಮಚ ಉಪ್ಪು ಕಲಸಿ ಹಚ್ಚಿ, ಒದ್ದೆ ಇರುವಾಗಲೇ ಒಂದು ಗಂಟೆ ಬಿಸಿಲಿಗೆ ಹರವಿ. ಹೇರಳೆಕಾಯಿ ರಸವೂ ಆಗುತ್ತದೆ. ಬಣ್ಣದ ಬಟ್ಟೆಗೆ ಇದು ಬೇಡ, ಬಣ್ಣ ಹೋಗುತ್ತದೆ.

ಒಗೆಯಲು ಅಂಟುವಾಳ: ಬೀಜ ತೆಗೆದ 10–12 ಕಾಯಿಯ ಸಿಪ್ಪೆ ರಾತ್ರಿ ಒಂದು ಲೀಟರ್ ನೀರಲ್ಲಿ ನೆನೆಸಿ, ಬೆಳಗ್ಗೆ 15 ನಿಮಿಷ ಕುದಿಸಿ, ಆರಿದ ಮೇಲೆ ಹಿಸುಕಿ ಸೋಸಿ. ಎರಡು ಮೂರು ದಿನದಲ್ಲಿ ಹುಳಿ ವಾಸನೆ ಬರುವುದರಿಂದ ಬೇಕಾದಷ್ಟೇ ಮಾಡಿ. ಚರಟ ಗೊಬ್ಬರದ ಗುಂಡಿಗೆ.

ಮಂಕಾದ ಹತ್ತಿ ಬಟ್ಟೆಗೆ 5 ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ, ಒಂದು ಗಂಟೆ ನೆನೆಸಿ. ರೇಷ್ಮೆ, ಉಣ್ಣೆಗೆ ಮುಟ್ಟಿಸಬೇಡಿ. ಕೈಗೆ ಗ್ಲೌಸ್ ಇರಲಿ. ನಿಂಬೆ, ಸೋಡಾ ಒಟ್ಟಿಗೆ ಹಾಕಿದರೆ ನೊರೆ ಮಾತ್ರ, ಎರಡರ ಶಕ್ತಿಯೂ ಹೋಯಿತು. ನಿಂಬೆ ಹಚ್ಚಿದ ಬಟ್ಟೆಗೆ ಬ್ಲೀಚಿಂಗ್ ಪೌಡರ್ ಸೇರಿಸಲೇಬೇಡಿ, ವಿಷಗಾಳಿ ಏಳುತ್ತದೆ.

ಮಳೆಗಾಲದ ಬೂಷ್ಟಿನ ಕಪ್ಪು ಚುಕ್ಕಿಗೂ ನಿಂಬೆ ಉಪ್ಪೇ. ಹಳೆಯದಾದರೆ ಪೂರ್ತಿ ಹೋಗುವುದು ಕಷ್ಟ.