ಸ್ವಯಂಸೇವಕರ ಮುಕ್ತ ತಂತ್ರಾಂಶ ಯೋಜನೆಗೆ ಹೊಸ ಜಾಲತಾಣ: ಸಿದ್ಧತೆ ಹೇಗಿರಬೇಕು

ಹಾಸನ, ಸಕಲೇಶಪುರ, ಮೂಡಿಗೆರೆಗಳಲ್ಲಿ ಚದುರಿರುವ ಐದಾರು ಮಂದಿ ಬಿಡುವಿನ ವೇಳೆಯಲ್ಲಿ ಕನ್ನಡ ಕೀಲಿಮಣೆಯ ಮುಕ್ತ ತಂತ್ರಾಂಶವೊಂದನ್ನು ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಜಾಲತಾಣ ಹಳತಾಗಿದೆ, ಹೊಸದಾಗಿ ಕಟ್ಟೋಣ ಎಂಬ ಮಾತು ಬಂದ ಕೂಡಲೇ ಇಂತಹ ತಂಡಗಳಲ್ಲಿ ಚರ್ಚೆ ಬಣ್ಣ, ಲೋಗೋಗಳ ಕಡೆಗೆ ಹೊರಳುತ್ತದೆ. ಅವೆರಡೂ ಕೊನೆಗೆ ಬರಬೇಕಾದ ವಿಷಯಗಳು. ಈಗ ಉತ್ಸಾಹದಿಂದಿರುವವರಲ್ಲಿ ಅರ್ಧದಷ್ಟು ಜನ ನೌಕರಿಗೆಂದು ಬೆಂಗಳೂರು ಸೇರಿದ ಮೇಲೂ ಉಳಿದವರು ನಿಭಾಯಿಸಬಲ್ಲ ತಾಣ ಯಾವುದು ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಮುಂದಿನ ಪ್ರತಿಯೊಂದು ತೀರ್ಮಾನವನ್ನೂ ಅದರಿಂದಲೇ ಅಳೆಯಬೇಕು.

ಕೆಲಸವನ್ನು ಈಗಿರುವ ಪುಟಗಳ ಪಟ್ಟಿಯಿಂದ ಆರಂಭಿಸಿ. ಪ್ರತಿ ಪುಟದ ವಿಳಾಸ, ಅದನ್ನು ಕೊನೆಯ ಬಾರಿ ತಿದ್ದಿದ ದಿನ, ಅದರ ಮಾಹಿತಿ ಇಂದಿಗೂ ಸರಿಯೇ, ಮುಂದೆ ನೋಡಿಕೊಳ್ಳುವವರು ಯಾರು ಎಂಬುದನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡಿ. ಹೊಣೆ ಹೊರುವವರಿಲ್ಲದ ಪುಟವನ್ನು ಹೊಸ ತಾಣಕ್ಕೆ ಒಯ್ಯದಿರುವುದೇ ಲೇಸು. ಬರುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಡೌನ್‌ಲೋಡ್ ಲಿಂಕ್, ಇನ್‌ಸ್ಟಾಲ್ ಮಾಡುವ ಕ್ರಮ, ತೊಂದರೆಯಾದಾಗ ಕೇಳುವ ಜಾಗ ಇಷ್ಟೇ. ಕೈಜೋಡಿಸಲು ಬರುವವರು ಕೆಲವರೇ ಆದರೂ ಅವರು ಎಲ್ಲಿಂದ ಆರಂಭಿಸಬೇಕೆಂದು ತಿಳಿಸುವ ಪುಟವೊಂದು ಇರಲೇಬೇಕು.

ತಂತ್ರಜ್ಞಾನದ ಆಯ್ಕೆಯಲ್ಲಿ ನನ್ನ ಒಲವು ಹ್ಯೂಗೊ ಅಥವಾ ಜೆಕಿಲ್‌ನಂತಹ ಸ್ಟ್ಯಾಟಿಕ್ ಸೈಟ್ ಸಾಧನಗಳ (ಪುಟಗಳನ್ನು ಮೊದಲೇ ಸಿದ್ಧ ಕಡತಗಳಾಗಿ ರೂಪಿಸಿಡುವ ಸಾಧನಗಳ) ಕಡೆಗಿದೆ. ವರ್ಡ್‌ಪ್ರೆಸ್ ಬಳಕೆಗೆ ಸುಲಭ, ನಿಜ; ಆದರೆ ಅದರ ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವವರು ಇಲ್ಲವಾದರೆ ತಾಣವು ದುಷ್ಕರ್ಮಿಗಳ ಕೈಸೇರುವ ಅಪಾಯವಿದೆ. ಸ್ಟ್ಯಾಟಿಕ್ ತಾಣಕ್ಕೆ ಡೇಟಾಬೇಸ್ ಬೇಕಿಲ್ಲ, ಕೋಡ್ ಇಡುವ ಗಿಟ್‌ಹಬ್ ತಾಣದ ಭಾಗವಾದ ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು. ಸಹಾಯ ಪುಟಗಳನ್ನು ಬರೆಯುವ ಮೇಷ್ಟರಿಗೆ ಗಿಟ್ (ಕಡತಗಳ ಬದಲಾವಣೆಗಳನ್ನು ದಾಖಲಿಸುವ ಸಾಧನ) ತಿಳಿಯದಿದ್ದರೆ ಬ್ರೌಸರಿನಲ್ಲೇ ತಿದ್ದುವ ವಿಧಾನವನ್ನು ಹೇಳಿಕೊಡಬೇಕು. ಗಿಟ್‌ಹಬ್ ಪೇಜಸ್‌ನಲ್ಲಿ ಸರ್ವರ್ ಮಟ್ಟದ 301 ಮರುನಿರ್ದೇಶನವನ್ನು (ಹಳೆಯ ವಿಳಾಸ ಕೇಳಿದವರನ್ನು ಹೊಸದಕ್ಕೆ ಶಾಶ್ವತವಾಗಿ ಕಳುಹಿಸುವ ಸೂಚನೆಯನ್ನು) ನಾವೇ ಬರೆಯಲು ಬರುವುದಿಲ್ಲವಾದ್ದರಿಂದ, ವಿಳಾಸ ಬದಲಾದ ಪ್ರತಿ ಪುಟಕ್ಕೂ ಹ್ಯೂಗೊದ ಏಲಿಯಾಸ್ ಸೌಲಭ್ಯ ಬಳಸಿ, ಹಳೆಯ ವಿಳಾಸದಿಂದ ಹೊಸದಕ್ಕೆ ಕಳುಹಿಸುವ ಪುಟವನ್ನು ಇಡಿ. ವಾಟ್ಸಾಪಿನಲ್ಲಿ ಹಂಚಿಹೋದ ಹಳೆಯ ಲಿಂಕ್ ತೆರೆಯದಿದ್ದರೆ ತಂತ್ರಾಂಶವೇ ನಿಂತುಹೋಯಿತೆಂದು ಜನ ತಿಳಿಯುತ್ತಾರೆ.

ವಿನ್ಯಾಸಕ್ಕೆ ಬಂದಾಗ ಕನ್ನಡ ಅಕ್ಷರಗಳಿಗೆ ವಿಶೇಷ ಗಮನ ಬೇಕು. ಸಿದ್ಧ ಥೀಮ್‌ಗಳಲ್ಲಿ ಗುಂಡಿಗಳ ಎತ್ತರವೂ ಸಾಲುಗಳ ಅಂತರವೂ ಸಾಮಾನ್ಯವಾಗಿ ಇಂಗ್ಲಿಷಿಗೆ ಹೊಂದುವಂತಿರುತ್ತವೆ. ಅಲ್ಲಿ ‘ಸ್ವಾತಂತ್ರ್ಯ’ ಎಂದು ಬರೆದು ನೋಡಿದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಬಹುದು ಅಥವಾ ಮುಂದಿನ ಸಾಲಿಗೆ ತಾಗಬಹುದು. ಆದುದರಿಂದ ಮಾದರಿ ಪುಟವನ್ನು ಪರೀಕ್ಷಿಸುವಾಗ ಒತ್ತುಗಳು ತುಂಬಿದ ನಿಜವಾದ ಕನ್ನಡ ವಾಕ್ಯಗಳನ್ನೇ ಹಾಕಿ, ಸಾಲುಗಳ ಅಂತರವನ್ನು ಹಿಗ್ಗಿಸಿ. ನೋಟೊ ಸಾನ್ಸ್ ಕನ್ನಡ ಫಾಂಟ್ ಮುಕ್ತ ಪರವಾನಗಿಯಲ್ಲಿ ದೊರೆಯುತ್ತದೆ. ಅದನ್ನು ನಮ್ಮ ತಾಣದಲ್ಲೇ ಇಟ್ಟುಕೊಳ್ಳಬಹುದು. ಪುಟದ ಭಾಷೆ ಕನ್ನಡವೆಂದು ಕೋಡಿನಲ್ಲಿ ನಮೂದಿಸಿದರೆ ದೃಷ್ಟಿದೋಷವುಳ್ಳವರ ಸ್ಕ್ರೀನ್ ರೀಡರ್ ಸರಿಯಾದ ಧ್ವನಿಯನ್ನು ಆರಿಸಿಕೊಳ್ಳಲು ಅನುಕೂಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ವ್ಯತ್ಯಾಸಾನುಪಾತ (ಕಾಂಟ್ರಾಸ್ಟ್) ಇರಬೇಕೆಂಬುದು ಜಾಲತಾಣಗಳು ಎಲ್ಲರಿಗೂ ಬಳಕೆಗೆ ಬರುವಂತಿರಲು ರೂಪಿಸಿದ WCAG ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟದ ನಿಯಮ. ಮಳೆಗಾಲದಲ್ಲಿ, ಸಿಗ್ನಲ್ ಕ್ಷೀಣವಾಗಿರುವ ತೋಟದ ಮನೆಯೊಂದರಲ್ಲಿ ಹಳೆಯ ಮೊಬೈಲಿನಿಂದ ಡೌನ್‌ಲೋಡ್ ಪುಟ ತೆರೆಯುತ್ತದೆಯೇ ಎಂದು ನೋಡುವುದು ನಮ್ಮ ಭಾಗದ ತಂಡಕ್ಕೆ ಅತ್ಯುತ್ತಮ ಪರೀಕ್ಷೆ.

ವೇಳಾಪಟ್ಟಿಯನ್ನು ಜನರ ಬಿಡುವಿಗೆ ತಕ್ಕಂತೆ ಹಾಕಿ. ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಕಾಫಿಯ ಕೊಯ್ಲು ಇರುವುದರಿಂದ ತೋಟದ ಮನೆಯವರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ವಿದ್ಯಾರ್ಥಿಗಳಿಗೆ ಪರೀಕ್ಷೆಯ ತಿಂಗಳುಗಳಲ್ಲಿ ಕೆಲಸ ಹಚ್ಚಬಾರದು. ಮೊದಲ ಹಂತದಲ್ಲಿ ಡೌನ್‌ಲೋಡ್ ಮತ್ತು ಸಹಾಯ ಪುಟಗಳನ್ನು ಮಾತ್ರ ಸಿದ್ಧಪಡಿಸಿ, ಬೇರೆ ವಿಳಾಸದಲ್ಲಿ ಬಳಕೆದಾರರಿಗೆ ತೋರಿಸಿ, ಅದು ಸರಿಯಾದ ಮೇಲಷ್ಟೇ ಹಳೆಯದನ್ನು ತೆಗೆಯಿರಿ. ನಡುವೆ ಬರುವ ಹೊಸ ಬೇಡಿಕೆಗಳನ್ನು ಎರಡನೆಯ ಹಂತದ ಪಟ್ಟಿಗೆ ಸೇರಿಸಿ. ಅಭಿಪ್ರಾಯ ಎಲ್ಲರದೂ ಬರಲಿ, ಆದರೆ ಅಂತಿಮ ತೀರ್ಮಾನ ಯಾರದೆಂದು ಮೊದಲೇ ಗೊತ್ತಿರಲಿ.

ಇವೆಲ್ಲಕ್ಕೂ ಮುನ್ನ ಡೊಮೇನ್ (ತಾಣದ ವಿಳಾಸದ ಹೆಸರು) ಯಾರ ಹೆಸರಿನಲ್ಲಿದೆ, ನವೀಕರಣದ ದಿನ ಯಾವುದು, ಅದನ್ನು ನೋಂದಾಯಿಸಿದ ಖಾತೆಯ ಮಿಂಚಂಚೆ ಇನ್ನೂ ಬಳಕೆಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆ ಖಾತೆಗೂ ಗಿಟ್‌ಹಬ್ ಖಾತೆಗೂ ಕನಿಷ್ಠ ಇಬ್ಬರಿಗೆ ಪ್ರವೇಶಾಧಿಕಾರ ಕೊಟ್ಟು, ಅವರ ಹೆಸರುಗಳನ್ನು ತಂಡದವರೆಲ್ಲರಿಗೂ ತಿಳಿಸಿ.